ಹರಿಗೋಲನ್ನು ತಿರುಗಿಸಬೇಡಿ

ಸಿನಿಮಾಗೆ ವಿಮರ್ಶೆ ಬರೀತೀವಿ, ಪುಸ್ತಕಕ್ಕೆ ಬರೀತೀವಿ, ಬಸವನಗುಡಿಯ ಮಸಾಲೆದೋಸೆಗೂ ಸ್ಟಾರ್ ಕೊಟ್ಟು ಬರೀತೀವಿ. ಆದ್ರೆ ದಿನಾ ಕಣ್ಣಿಗೆ ಬೀಳೋ ಕೆಲವು ಚಿತ್ರಗಳನ್ನು ಮಾತ್ರ ಯಾರೂ ವಿಮರ್ಶೆಗೆ ಎತ್ತಿಕೊಳ್ಳಲ್ಲ. ಅವು ಬರ್ತವೆ, ಲೈಕ್ ತಗೋತವೆ, ಹೋಗ್ತವೆ. ಹರಿಗೋಲಿನ ಚಿತ್ರ ಅಂಥದ್ದೊಂದು.

ನೀವೂ ನೋಡಿರ್ತೀರಿ. ಅದರಲ್ಲಿ ಮೂರು ಜಾತಿ. ಮೊದಲನೆಯದು ಪ್ರೀ ವೆಡ್ಡಿಂಗ್ ಜಾತಿ: ಮೇಲಿಂದ ಡ್ರೋನ್, ಕೆಳಗೆ ಹಸಿರು ನೀರು, ನಡುವೆ ಬಟ್ಟಲಿನ ಹಾಗೆ ಒಂದು ಬುಟ್ಟಿ, ಬುಟ್ಟಿ ತುಂಬ ಕೆಂಪು ಗೌನು. ಎರಡನೆಯದು ರೀಲ್ಸ್ ಜಾತಿ: ಅಂಬಿಗ ಹರಿಗೋಲನ್ನು ಗಿರಗಿರ ತಿರುಗಿಸ್ತಾನೆ, ಒಳಗಿರೋ ಎಂಟು ಜನ ಕಿರುಚ್ತಾರೆ, ಮೊಬೈಲ್ ನೀರಿಗೆ ಬೀಳೋದು ಸ್ವಲ್ಪದ್ರಲ್ಲಿ ತಪ್ಪುತ್ತೆ. ಮೂರನೆಯದು ಗಂಭೀರ ಜಾತಿ: ಸಂಜೆ ಸೂರ್ಯ, ಕಪ್ಪು ನೆರಳಾಗಿ ಒಬ್ಬ ಮುದುಕ, ಕೆಳಗೆ ‘ಅಳಿವಿನಂಚಿನಲ್ಲಿರುವ ಪರಂಪರೆ’ ಅಂತ ಒಂದು ಸಾಲು.

ಇವುಗಳ ಮೇಲೆ ನನ್ನ ತಕರಾರು ಒಂದೇ. ಮೂರರಲ್ಲೂ ಬಲೆ ಇಲ್ಲ. ಹರಿಗೋಲು ನದಿ ಮೀನುಗಾರನ ಕೆಲಸದ ಸಾಮಾನು. ನೇಗಿಲು ಹೇಗೋ, ಕುಲುಮೆಯ ಸುತ್ತಿಗೆ ಹೇಗೋ, ಹಾಗೆ. ನೇಗಿಲಿನ ಸಾವಿರ ಫೋಟೋ ತೆಗೆದು ಒಂದರಲ್ಲೂ ಮಣ್ಣು ಕಾಣಿಸದಿದ್ರೆ ನಮಗೆ ವಿಚಿತ್ರ ಅನ್ಸುತ್ತೆ. ಹರಿಗೋಲಿನ ವಿಷಯದಲ್ಲಿ ಮಾತ್ರ ಯಾಕೋ ಏನೂ ಅನ್ಸಲ್ಲ.

ಇದರಲ್ಲಿ ನನಗೆ ಅತಿ ಹೆಚ್ಚು ಕಾಡೋದು ಆ ತಿರುಗೋ ರೀಲ್. ಯಾಕಂದ್ರೆ ಅದು ಹರಿಗೋಲಿನ ಬಗ್ಗೆ ಪೂರ್ತಿ ಉಲ್ಟಾ ಕಥೆ ಹೇಳುತ್ತೆ.

ಸ್ವಲ್ಪ ಭೌತಶಾಸ್ತ್ರ ನೋಡೋಣ, ಬೇಗ ಮುಗಿಸ್ತೀನಿ. ಮಾಮೂಲಿ ದೋಣಿಗೆ ಉದ್ದ ಇರುತ್ತೆ, ಮೂತಿ ಇರುತ್ತೆ, ಎಷ್ಟೋ ದೋಣಿಗಳಿಗೆ ತಳದಲ್ಲಿ ನೀರು ಸೀಳೋ ಏಣೂ ಇರುತ್ತೆ. ಹಾಗಾಗಿ ಅದು ಹಿಡಿದ ದಿಕ್ಕು ಬಿಡಲ್ಲ. ಹರಿಗೋಲು ದುಂಡಗಿದೆ, ತಳ ಚಪ್ಪಟೆ. ಅದಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಪಕ್ಕದಲ್ಲಿ ಒಂದು ಸಲ ಹುಟ್ಟು ಹಾಕಿದ್ರೆ ಅದು ಮುಂದೆ ಹೋಗೋದಕ್ಕಿಂತ ಹೆಚ್ಚಾಗಿ ತಿರುಗುತ್ತೆ. ಅಂದ್ರೆ ತಿರುಗೋದು ಅದರ ಸಹಜ ಗುಣ, ಅದಕ್ಕೆ ಯಾರೂ ಕಲಿಸಬೇಕಾಗಿಲ್ಲ. ಕಲಿಯಬೇಕಾದ್ದು ಅದನ್ನು ತಿರುಗದ ಹಾಗೆ ಒಯ್ಯೋದನ್ನು. ಅದಕ್ಕೇ ಗೊತ್ತಿರೋರು ಹಿಂದೆ ಕೂತು ತಳ್ಳಲ್ಲ. ಹೋಗಬೇಕಾದ ಕಡೆಗೆ ಮುಖ ಮಾಡಿ ಕೂತು, ಹುಟ್ಟನ್ನು ಮುಂದಕ್ಕೆ ಚಾಚಿ, ನೀರನ್ನು ತಮ್ಮ ಕಡೆ ಎಳ್ಕೋತಾರೆ. ಒಂದೆಳೆತ ಎಡಕ್ಕೆ, ಒಂದೆಳೆತ ಬಲಕ್ಕೆ. ಪ್ರತಿ ಎಳೆತವೂ ಹಿಂದಿನ ಎಳೆತ ಮಾಡಿದ ತಿರುಗನ್ನು ಸರಿ ಮಾಡ್ತಾ ಇರುತ್ತೆ. ದಡದಿಂದ ನೋಡೋರಿಗೆ ಏನೂ ಕಾಣಲ್ಲ. ಬುಟ್ಟಿ ಸುಮ್ನೆ ನೇರ ಹೋಗ್ತಿರುತ್ತೆ, ಅಷ್ಟೇ. ಇಡೀ ವಿದ್ಯೆ ಇರೋದು ಆ ‘ಏನೂ ಕಾಣದ್ದ’ರಲ್ಲಿ.

ಮುತ್ತತ್ತಿ ಕಡೆ ಕಾವೇರಿ ದಡದಲ್ಲಿ ಆಫೀಸಿನ ಔಟಿಂಗ್‌ಗೆ ಹೋದಾಗ ಇದನ್ನು ನಾನು ಕಣ್ಣಾರೆ ನೋಡಿದೆ. ಹಿಂದಿನ ದಿನ ಮಧ್ಯಾಹ್ನ ನಮ್ಮ ಟೀಮನ್ನು ಕೂರಿಸಿಕೊಂಡು ಗಿರಗಿರ ತಿರುಗಿಸಿದ್ದ ಅದೇ ಮನುಷ್ಯ ಬೆಳಗ್ಗೆ ಆರಕ್ಕೆ ಒಬ್ಬನೇ ಸಣ್ಣ ಹರಿಗೋಲಲ್ಲಿ ಬಲೆ ಎತ್ತೋಕೆ ಹೋಗಿದ್ದ. ರಾತ್ರಿ ಬಿಟ್ಟ ಬಲೆ. ಒಂದು ಕೈಲಿ ಬಲೆ ಎಳೆದು ಬುಟ್ಟಿಯೊಳಗೆ ಮಡಿಚಿ ಹಾಕ್ತಾ, ಇನ್ನೊಂದು ಕೈಲಿ ಆಗಾಗ ಹುಟ್ಟು ಮುಟ್ಟಿಸ್ತಾ ಇದ್ದ. ಬುಟ್ಟಿ ಒಂದು ಸುತ್ತೂ ತಿರುಗಲಿಲ್ಲ. ದಡಕ್ಕೆ ಬಂದ ಮೇಲೆ ಮಾತಾಡಿಸಿದೆ.

“ನಿನ್ನೆ ಅಷ್ಟು ತಿರುಗಿಸಿದ್ರಲ್ಲ ಅಣ್ಣ, ಇವತ್ತು ತಿರುಗ್ಲೇ ಇಲ್ಲ?”

“ತಿರುಗ್ಸೋದು ಏನ್ ದೊಡ್ ವಿಚಾರ ಸಾ? ಕೈ ಬುಟ್ಟಿದ್ರೆ ತಾನಾಗೇ ತಿರುಗ್ತದೆ. ತಿರುಗ್ದೇ ಇರಂಗೆ ಹಿಡ್ಕೊಳ್ಳೋದೇ ಕೆಲ್ಸ. ಬಲೆ ಎತ್ತುವಾಗ ತಿರುಗ್ಬುಟ್ರೆ ಎಲ್ಲಾ ಸುತ್ಕೊಂಡು ಹಾಳಾಯ್ತದೆ.”

“ಮತ್ತೆ ನಮ್ಮನ್ನು ಯಾಕ್ ತಿರುಗಿಸಿದ್ರಿ?”

“ನೀವ್ ಕೇಳ್ತೀರಲ್ಲ ಸಾ. ಮೀನು ಸಿಕ್ರೆ ಸಿಕ್ತು, ಇಲ್ದಿದ್ರೆ ಇಲ್ಲ. ತಿರುಗ್ಸಿದ್ರೆ ದುಡ್ಡು ಬಂದೇ ಬತ್ತದೆ.”

ಬುಟ್ಟಿಯಲ್ಲಿ ನಾಲ್ಕೈದು ಜಿಲೇಬಿ ಮೀನು, ಒಂದು ಸಣ್ಣ ಕಾಟ್ಲಾ ಇದ್ದವು. ಲೆಕ್ಕ ಅರ್ಥ ಆಗೋಕೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಅಂಬಿಗನನ್ನು ದೂರೋ ಉದ್ದೇಶ ನನಗಿಲ್ಲ. ಅವನು ಬಂದ ಗಿರಾಕಿಗೆ ಬೇಕಾದ್ದು ಕೊಡ್ತಿದ್ದಾನೆ. ನನ್ನ ವಿಮರ್ಶೆ ಗಿರಾಕಿಯದ್ದು. ಒಂದು ಸಾಮಾನಿನ ಯಾವ ದೌರ್ಬಲ್ಯವನ್ನು ಗೆಲ್ಲೋಕೆ ಒಬ್ಬ ಮನುಷ್ಯ ಚಿಕ್ಕಂದಿನಿಂದ ಕೈ ಪಳಗಿಸಿದ್ದಾನೋ, ಅದೇ ದೌರ್ಬಲ್ಯವನ್ನು ನಾವು ಟಿಕೆಟ್ ಕೊಟ್ಟು ಕೊಂಡ್ಕೋತಿದ್ದೀವಿ. ಸಂಗೀತ ಕಛೇರಿಗೆ ಹೋಗಿ, ವಿದ್ವಾಂಸರೇ, ಸ್ವಲ್ಪ ಅಪಸ್ವರ ಹಾಡಿ ಮಜಾ ಬರುತ್ತೆ ಅಂದ ಹಾಗೆ.

ಈ ನೋಟ ಇನ್‌ಸ್ಟಾಗ್ರಾಂ ಕಾಲದ್ದೇನಲ್ಲ. ಕೃಷ್ಣದೇವರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ವಿಜಯನಗರಕ್ಕೆ ಬಂದ ಪೋರ್ಚುಗೀಸ್ ವ್ಯಾಪಾರಿ ಡೊಮಿಂಗೊ ಪಾಯೆಸ್ ಆನೆಗೊಂದಿಯ ಹತ್ತಿರ ತುಂಗಭದ್ರೆ ದಾಟಿಸೋ ಹರಿಗೋಲುಗಳ ಬಗ್ಗೆ ಬರೆದಿದ್ದಾನೆ. ಬುಟ್ಟಿಯ ಹಾಗೆ ದುಂಡಗಿವೆ, ಒಳಗೆ ಬೆತ್ತದಂಥ ಹೆಣಿಗೆ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಕೂರಬಹುದು ಅಂತ ಚೆನ್ನಾಗೇ ವಿವರ ಕೊಡ್ತಾನೆ. ಜೊತೆಗೆ ಇನ್ನೊಂದು ಮಾತು ಸೇರಿಸ್ತಾನೆ: ಇವು ಬೇರೆ ದೋಣಿಗಳ ಹಾಗೆ ನೇರ ಹೋಗಲ್ಲ, ಯಾವಾಗಲೂ ಸುತ್ತುತ್ತಾ ಇರ್ತವೆ. 500 ವರ್ಷದ ಹಿಂದಿನ ಪ್ರವಾಸಿಗೂ ಇವತ್ತಿನ ಪ್ರವಾಸಿಗೂ ಕಂಡದ್ದು ಅದೇ ಸುತ್ತು. ಪಾಯೆಸ್‌ನನ್ನು ನಾನು ಕ್ಷಮಿಸ್ತೀನಿ. ಅವನು ಬರೆದದ್ದು ಜನ ತುಂಬಿದ ದೊಡ್ಡ ಹರಿಗೋಲಿನ ಬಗ್ಗೆ, ಹೊಳೆಯೂ ರಭಸದ್ದು, ಅಲ್ಲಿ ಸುತ್ತು ಬರೋದು ಸಹಜ. ಒಂಟಿ ಮೀನುಗಾರನ ಸಣ್ಣ ಹರಿಗೋಲಿನ ಲೆಕ್ಕವೇ ಬೇರೆ.

ಇಷ್ಟು ತಾಪತ್ರಯ ಇದ್ರೆ ನಮ್ಮ ಮೀನುಗಾರರು ನೆಟ್ಟಗಿನ ದೋಣಿ ಮಾಡ್ಕೋಬಹುದಿತ್ತಲ್ಲ? ಈ ಪ್ರಶ್ನೆಗೆ ಉತ್ತರ ನದಿಯಲ್ಲಿದೆ. ಹಂಪಿ ಹತ್ತಿರದ ತುಂಗಭದ್ರೆ ನೋಡಿ, ಶಿವನಸಮುದ್ರದಿಂದ ಹೊಗೇನಕಲ್‌ವರೆಗಿನ ಕಾವೇರಿ ನೋಡಿ. ಎಲ್ಲೆಲ್ಲೂ ಬಂಡೆ. ಒಂದು ಕಡೆ ಆಳುದ್ದ ಮಡು, ಹತ್ತು ಮಾರು ಆಚೆ ಮೊಣಕಾಲುದ್ದ ನೀರು. ಮಳೆಗಾಲದಲ್ಲಿ ಒಂದು ನದಿ, ಬೇಸಿಗೆಯಲ್ಲಿ ಇನ್ನೊಂದು ನದಿ. ಇಂಥ ಕಡೆ ಹಲಗೆ ದೋಣಿ ಬಂಡೆಗೆ ತಾಗಿದ್ರೆ ಸೀಳುತ್ತೆ. ಹರಿಗೋಲು ಬಿದಿರಿನ ಹೆಣಿಗೆ, ಪೆಟ್ಟು ಬಿದ್ರೆ ಬಾಗುತ್ತೆ, ಜಾರ್ಕೊಂಡು ಪಕ್ಕಕ್ಕೆ ಹೋಗುತ್ತೆ. ತಳ ಅಗಲವಾಗಿರೋದ್ರಿಂದ ಸ್ವಲ್ಪವೇ ನೀರಿದ್ರೂ ತೇಲುತ್ತೆ. ಮುಂದೆ ನೀರೇ ಇಲ್ಲ ಅಂದ್ರೆ ಮೀನುಗಾರ ಇಳಿದು, ಅದನ್ನು ಕವುಚಿ ತಲೆ ಮೇಲೆ ಹೊತ್ಕೊಂಡು ಬಂಡೆ ದಾಟಿ ಮುಂದಿನ ಮಡುವಿಗೆ ಹಾಕ್ತಾನೆ. ಒಬ್ಬ ಮನುಷ್ಯ ಹೊತ್ಕೊಂಡು ಹೋಗಬಲ್ಲ ದೋಣಿ! ಮೀನುಗಾರರದ್ದು ಸುಮಾರು ಆರಡಿ ಅಡ್ಡಗಲ, ಕಡವಿನಲ್ಲಿ ಜನ ದಾಟಿಸೋವು ಇನ್ನೂ ದೊಡ್ಡವು. ಸುತ್ತಲೂ ಅಂಚು ತಗ್ಗಾಗಿ, ಒಂದೇ ಸಮ ಇರೋದ್ರಿಂದ ಬಲೆಯನ್ನು ಯಾವ ಕಡೆಯಿಂದಾದ್ರೂ ಎಳ್ಕೋಬಹುದು, ಎಲ್ಲೂ ಸಿಕ್ಕಾಕ್ಕೊಳ್ಳಲ್ಲ. ಎಂಜಿನ್ ಸದ್ದಿಲ್ಲ, ಮೀನು ಬೆದರಲ್ಲ.

ಅಂದ್ರೆ ದುಂಡಗಿರೋದು ಯಾವುದೋ ಹಳೇ ಕಾಲದವರ ಅಜ್ಞಾನ ಅಲ್ಲ. ಅದೊಂದು ಲೆಕ್ಕಾಚಾರ. ನೇರ ಹೋಗೋ ಸುಖ ಬಿಟ್ಕೊಟ್ಟು, ಬಂಡೆ ನದಿಯಲ್ಲಿ ಬದುಕೋ ಶಕ್ತಿ ತಗೊಂಡಿದ್ದಾರೆ. ಬಿಟ್ಕೊಟ್ಟದ್ದನ್ನು ತೋಳಿನ ಪಳಗಿಕೆಯಿಂದ ತುಂಬಿಸ್ಕೊಂಡಿದ್ದಾರೆ. ನಮ್ಮಲ್ಲಿ ಡಿಸೈನ್, ಸಾಫ್ಟ್‌ವೇರ್ ಕೆಲಸ ಮಾಡೋರಿಗೆ ಈ ಥರ ಕೊಡು ಕೊಳ್ಳುವಿಕೆ ಬಿಡಿಸಿ ಹೇಳಬೇಕಾಗಿಲ್ಲ.

ಈಗ ಆ ‘ಅಳಿವಿನಂಚಿನ ಪರಂಪರೆ’ ಜಾತಿಗೆ ಬರೋಣ. ಇದು ನೋಡೋಕೆ ಮರ್ಯಾದೆಯಾಗಿದೆ, ಆದ್ರೆ ಇದರಲ್ಲೂ ಒಂದು ಸಮಸ್ಯೆ. ಈ ಫೋಟೋಗ್ರಾಫರಿಗೆ ಬಿದಿರು ಬೇಕು, ಡಾಂಬರಿನ ಕಪ್ಪು ಬೇಕು. ಹರಿಗೋಲಿನ ಹೊರಮೈಗೆ ನೀಲಿ ಪ್ಲಾಸ್ಟಿಕ್ ಇದ್ರೆ ಕ್ಯಾಮೆರಾ ಬೇರೆ ಕಡೆ ತಿರುಗುತ್ತೆ. ಫೈಬರ್ ಹರಿಗೋಲಾದ್ರಂತೂ ‘ಛೆ, ಒರಿಜಿನಲ್ ಅಲ್ಲ’. ಆದ್ರೆ ಒರಿಜಿನಲ್ ಯಾವುದು? ಪಾಯೆಸ್ ನೋಡಿದ್ದು ಚರ್ಮದ್ದು. ಆಮೇಲೆ ಬಟ್ಟೆ, ಗೋಣಿ, ಡಾಂಬರು ಬಂತು. ಆಮೇಲೆ ಗೊಬ್ಬರದ ಚೀಲ, ಟಾರ್ಪಾಲು. ಪ್ರತಿ ತಲೆಮಾರೂ ಕೈಗೆ ಅಗ್ಗವಾಗಿ ಸಿಕ್ಕಿದ, ನೀರು ತಡೆಯೋ ವಸ್ತುವನ್ನು ಮೇಲೆ ಹೊದಿಸಿದೆ. ಯೂರಿಯಾ ಚೀಲ ಹೊದಿಸಿದ ಹರಿಗೋಲು ಪರಂಪರೆ ಮುರಿದಿಲ್ಲ, ಪರಂಪರೆ ಮಾಡ್ತಿದ್ದ ಕೆಲಸವನ್ನೇ ಮಾಡಿದೆ.

ಫೈಬರ್‌ ವಿಷಯ ಸ್ವಲ್ಪ ಬೇರೆ. ಮೀನುಗಾರಿಕೆ ಇಲಾಖೆಯೇ ಒಳನಾಡಿನ ಮೀನುಗಾರರಿಗೆ ಸಹಾಯಧನದಲ್ಲಿ ಫೈಬರ್ ಹರಿಗೋಲು ಕೊಡುತ್ತೆ. ಅದು ಕೊಳೆಯಲ್ಲ, ಪದೇಪದೇ ಡಾಂಬರು ಬಳಿಯೋ ರಗಳೆ ಇಲ್ಲ, ಮೀನುಗಾರ ಅದನ್ನು ಬೇಕು ಅಂದ್ರೆ ಬೇಡ ಅನ್ನೋಕೆ ನಾನ್ಯಾರು? ಆದ್ರೆ ಕಳಕೊಂಡದ್ದೂ ಇದೆ. ಬಿದಿರಿನದು ಮುರಿದ್ರೆ ಒಂದು ದಬ್ಬೆ ಸೀಳಿ ಅಲ್ಲೇ ಹೆಣೆದು ಸರಿ ಮಾಡಬಹುದು. ಅದನ್ನು ಹೆಣೆಯೋನು ಊರಲ್ಲೇ ಇರ್ತಿದ್ದ. ಫೈಬರ್ ಒಡೆದ್ರೆ ಪೇಟೆಗೆ ಹೋಗಬೇಕು. ವಿಮರ್ಶೆ ಮಾಡೋದಾದ್ರೆ ಇಲ್ಲಿ ಮಾಡಬೇಕು: ಯಾವುದು ಚೆನ್ನಾಗಿ ಫೋಟೋ ಬರುತ್ತೆ ಅಂತಲ್ಲ, ಯಾವುದನ್ನು ಮೀನುಗಾರ ತಾನೇ ರಿಪೇರಿ ಮಾಡ್ಕೋಬಲ್ಲ ಅಂತ.

ಹೆಸರಿನ ವಿಷಯವೂ ಇದಕ್ಕೆ ಅಂಟಿಕೊಂಡಿದೆ. ಇಲಾಖೆಯ ಕಾಗದದಲ್ಲಿ ಹರಿಗೋಲು ಅಂತಿದೆ. ಮಂಡ್ಯ ಕಡೆ ತೆಪ್ಪ ಅಂತಾರೆ, ತೆಲುಗರು ಪುಟ್ಟಿ ಅಂತಾರೆ, ತಮಿಳರಿಗೆ ಪರಿಸಲ್. ರೆಸಾರ್ಟಿನ ಬೋರ್ಡಲ್ಲಿ ಮಾತ್ರ ‘ಕೊರಾಕಲ್ ರೈಡ್’. ಕೊರಾಕಲ್ ಅನ್ನೋದು ಇಂಗ್ಲಿಷಿಗೆ ವೇಲ್ಸ್ ದೇಶದ ಭಾಷೆಯಿಂದ ಬಂದ ಪದ. ಒಂದೇ ನದಿ, ಒಂದೇ ಬುಟ್ಟಿ. ಮೀನು ಹಿಡಿಯುವಾಗ ಅದಕ್ಕೆ ಕನ್ನಡ ಹೆಸರು, ಟಿಕೆಟ್ ಹರಿಯುವಾಗ ವೆಲ್ಷ್ ಹೆಸರು.

ನಮ್ಮ ಸಾಹಿತ್ಯಕ್ಕೆ ಹರಿಗೋಲು ಹೊಸದೇನಲ್ಲ. ಪುರಂದರದಾಸರು ದೇವರನ್ನು ಅಂಬಿಗನಾಗಿ ಕರೆದ ಕೀರ್ತನೆಯಲ್ಲಿ ಒಂಬತ್ತು ತೂತಿನ ಹರಿಗೋಲು ಅಂದ್ರೆ ಈ ದೇಹ. 12ನೇ ಶತಮಾನದ ವಚನಕಾರ ಚೌಡಯ್ಯ ತನ್ನ ಹೆಸರಿನ ಮುಂದೆ ಅಂಬಿಗ ಅನ್ನೋ ಕಸುಬನ್ನೇ ಇಟ್ಕೊಂಡಿದ್ದ. ಆ ಕೀರ್ತನೆಯ ರೂಪಕ ಕೆಲಸ ಮಾಡೋದೇ ಕೇಳೋರಿಗೆ ಹರಿಗೋಲಿನ ನಿಜವಾದ ಭಯ ಗೊತ್ತಿದ್ದಾಗ: ತೂತು ಬಿದ್ರೆ ಏನಾಗುತ್ತೆ, ತುಂಬಿದ ಹೊಳೆಯಲ್ಲಿ ಕೈ ತಪ್ಪಿದ್ರೆ ಏನಾಗುತ್ತೆ ಅಂತ. ಮಜಾಕ್ಕೆ ತಿರುಗೋ ಹರಿಗೋಲು ಮಾತ್ರ ನೋಡಿದವರಿಗೆ ಆ ಹಾಡು ಬರೀ ಚೆಂದದ ಹಾಡಾಗಿ ಕೇಳುತ್ತೆ.

ಸರಿ, ಕೆಲಸದ ಸಾಮಾನಾಗೇ ನೋಡಿದ್ರೆ ಹರಿಗೋಲು ಉಳಿಯುತ್ತಾ? ಇದಕ್ಕೆ ವೇಲ್ಸ್ ಕಡೆ ಒಂದು ಸಲ ನೋಡಿ ಬರಬೇಕು, ಹೇಗೂ ಹೆಸರು ಅಲ್ಲಿಂದಲೇ ತಂದಿದ್ದೀವಲ್ಲ. ಎರಡೂ ಕಡೆಯದನ್ನು ಒಟ್ಟಿಗೆ ಗಂಭೀರವಾಗಿ ನೋಡಿದವನು ಜೇಮ್ಸ್ ಹಾರ್ನೆಲ್. ಮದ್ರಾಸ್ ಪ್ರೆಸಿಡೆನ್ಸಿಯ ಮೀನುಗಾರಿಕೆ ಇಲಾಖೆಯ ನಿರ್ದೇಶಕನಾಗಿದ್ದವನು. ದಕ್ಷಿಣ ಭಾರತದ ಹರಿಗೋಲುಗಳ ಬಗ್ಗೆ 1933ರಲ್ಲಿ ಲೇಖನ ಬರೆದ, ಬ್ರಿಟನ್ನು, ಐರ್ಲೆಂಡಿನವುಗಳ ಬಗ್ಗೆ 1938ರಲ್ಲಿ ಪುಸ್ತಕ ಮಾಡಿದ. ಮೀನಿನ ಇಲಾಖೆಯವನಾದ್ದರಿಂದ ಅವನಿಗೆ ಬುಟ್ಟಿಯ ಜೊತೆ ಬಲೆಯೂ ಕಂಡಿತ್ತು.

ವೇಲ್ಸ್‌ನ ಟೈವಿ, ಟೀವಿ, ಟಾವ್ ಅನ್ನೋ ನದಿಗಳಲ್ಲಿ ಕೊರಾಕಲ್ ಮೀನುಗಾರಿಕೆ ಇವತ್ತಿಗೂ ಪೂರ್ತಿ ಸತ್ತಿಲ್ಲ. ಎರಡು ಕೊರಾಕಲ್, ನಡುವೆ ಒಂದು ಬಲೆ. ಒಂದು ಕೈಲಿ ಬಲೆ, ಇನ್ನೊಂದು ಕೈಲಿ ಹುಟ್ಟು ಹಿಡಿದು ಇಬ್ಬರೂ ಹೊಳೆಯ ಜೊತೆ ಕೆಳಕ್ಕೆ ತೇಲ್ತಾರೆ, ಹೆಚ್ಚಾಗಿ ರಾತ್ರಿ ಹೊತ್ತು. ಅಲ್ಲಿ ಇದು ಲೈಸೆನ್ಸ್ ಇದ್ದವರ ಹಕ್ಕು, ಲೈಸೆನ್ಸುಗಳು ಬೆರಳೆಣಿಕೆಯಷ್ಟು. ಅಲ್ಲೂ ಎಷ್ಟೋ ಮೀನುಗಾರರು ಫೈಬರ್‌ಗೆ ಹೋಗಿದ್ದಾರೆ, ಯಾರೂ ಅಳ್ತಾ ಕೂತಿಲ್ಲ. 2017ರಲ್ಲಿ ಪಶ್ಚಿಮ ವೇಲ್ಸ್‌ನಲ್ಲಿ ಕೊರಾಕಲ್‌ನಿಂದ ಹಿಡಿದ ಸಾಲ್ಮನ್‌ಗೂ ಸಿವಿನ್ ಅನ್ನೋ ಮೀನಿಗೂ ಭೌಗೋಳಿಕ ಗುರುತು ಸಿಕ್ಕಿತು, ನಮ್ಮ ಮೈಸೂರು ರೇಷ್ಮೆಗೆ, ಕೊಡಗಿನ ಕಿತ್ತಳೆಗೆ ಇರೋ ಥರದ್ದು. ಗಮನಿಸಿ: ಗುರುತು ಬುಟ್ಟಿಗೆ ಸಿಗಲಿಲ್ಲ, ಅದರಿಂದ ಹಿಡಿದ ಮೀನಿಗೆ ಸಿಕ್ಕಿತು. ನೋಟ ಸರಿಯಾದ ಜಾಗದಲ್ಲಿತ್ತು.

ಆದ್ರೆ ಕಥೆ ಅಲ್ಲಿಗೆ ಮುಗೀಲಿಲ್ಲ. ಆ ನದಿಗಳಲ್ಲಿ ಸಾಲ್ಮನ್ ಕಡಿಮೆ ಆಗ್ತಾ ಬಂತು. 2020ರಿಂದ ಅಲ್ಲಿ ಹಿಡಿದ ಸಾಲ್ಮನ್‌ ಅನ್ನು ವಾಪಸ್ ನೀರಿಗೆ ಬಿಡಲೇಬೇಕು ಅಂತ ಕಾನೂನು ಬಂತು. ಹೆಸರಿಗೆ ರಕ್ಷಣೆ ಸಿಕ್ಕಿ ಮೂರು ವರ್ಷದೊಳಗೆ ಆ ಹೆಸರಿನ ಮೀನನ್ನು ಮಾರೋ ಹಾಗೇ ಇಲ್ಲ! ನನಗೆ ಇದಕ್ಕಿಂತ ದೊಡ್ಡ ಪಾಠ ಬೇರೆ ಕಾಣಲ್ಲ. ಬುಟ್ಟಿ ಉಳಿಸಿದ್ರೆ ಮೀನು ಉಳಿಯಲ್ಲ. ನದಿ ಉಳಿದು, ಮೀನು ಉಳಿದು, ಹಿಡಿಯೋ ಹಕ್ಕು ಹಿಡಿಯೋರ ಹತ್ರ ಉಳಿದ್ರೆ ಬುಟ್ಟಿ ತಾನಾಗೇ ಉಳಿಯುತ್ತೆ. ನಮ್ಮಲ್ಲೂ ಜಲಾಶಯ, ನದಿ ಭಾಗಗಳಲ್ಲಿ ಮೀನು ಹಿಡಿಯೋ ಹಕ್ಕು ಪರವಾನಗಿ, ಗುತ್ತಿಗೆ, ಟೆಂಡರ್ ಮೂಲಕ ಹೋಗುತ್ತೆ. ಹರಿಗೋಲಿನ ಭವಿಷ್ಯ ಆ ಕಾಗದಗಳಲ್ಲಿದೆ, ಅಣೆಕಟ್ಟಿನಿಂದ ಬೇಸಿಗೆಯಲ್ಲಿ ಎಷ್ಟು ನೀರು ಬಿಡ್ತಾರೆ ಅನ್ನೋದರಲ್ಲಿದೆ, ಊರುಗಳ ಕೊಳಚೆ ಎಲ್ಲಿಗೆ ಹೋಗುತ್ತೆ ಅನ್ನೋದರಲ್ಲಿದೆ. ಇದನ್ನು ಡ್ರೋನ್‌ನಿಂದ ಶೂಟ್ ಮಾಡೋಕೆ ಆಗಲ್ಲ.

ಒಂದು ಆಕ್ಷೇಪ ಬರುತ್ತೆ, ನಾನೇ ಎತ್ತಿಬಿಡ್ತೀನಿ. ಹರಿಗೋಲು ಉಳೀಲಿ ಅನ್ನೋದು ಬೆಂಗಳೂರಲ್ಲಿ ಕೂತೋರ ಶೋಕಿ ಅಲ್ವಾ? ರಾಯಚೂರು ಜಿಲ್ಲೆಯ ಕೃಷ್ಣಾ ನಡುಗಡ್ಡೆಗಳಲ್ಲಿ ಇರೋರು ಸೇತುವೆ ಕೊಡಿ ಅಂತ ವರ್ಷಗಟ್ಟಲೆ ಕೇಳ್ತಿದ್ದಾರೆ. ಪ್ರವಾಹದಲ್ಲಿ ಗರ್ಭಿಣಿಯನ್ನು ತೆಪ್ಪದಲ್ಲಿ ದಾಟಿಸೋರಿಗೆ ಪರಂಪರೆ ಅಂತ ಹೇಳಿದ್ರೆ ಅವರು ನಮ್ಮನ್ನೇ ಹೊಳೆಗೆ ನೂಕ್ತಾರೆ, ನ್ಯಾಯವಾಗೇ. ಆನೆಗೊಂದಿಯಲ್ಲೂ ಈ ಜಗಳ ದೊಡ್ಡದೇ ಆಗಿತ್ತು. ಅಲ್ಲಿನ ಸೇತುವೆ ವಿವಾದದಲ್ಲಿ ಹಂಪಿ 1999ರಲ್ಲಿ ಯುನೆಸ್ಕೋದ ಅಪಾಯದ ಪಟ್ಟಿಗೆ ಸೇರಿತು, 2006ರಲ್ಲಿ ಹೊರಬಂತು. ಕಟ್ಟುತ್ತಿದ್ದ ಸೇತುವೆ 2009ರಲ್ಲಿ ಕುಸಿದು ಕೂಲಿಕಾರರು ಸತ್ತರು. ಜನ ಮತ್ತೆ ಹರಿಗೋಲು ಹತ್ತಿದ್ರು, ಇಷ್ಟಪಟ್ಟು ಅಲ್ಲ, ಬೇರೆ ದಾರಿ ಇಲ್ಲದೆ.

ಹಾಗಾಗಿ ನನ್ನ ವಾದವನ್ನು ಸರಿಯಾಗಿ ಕೇಳಿಸ್ಕೊಳ್ಳಿ. ಜನ ದಾಟೋಕೆ ಸೇತುವೆ ಬೇಕು, ಬೇಗ ಬೇಕು, ಗಟ್ಟಿಯಾಗಿ ಬೇಕು. ಸೇತುವೆ ಬಂದಾಗ ಕಡವಿನ ದೊಡ್ಡ ಹರಿಗೋಲು ಹೋದ್ರೆ ಹೋಗಲಿ. ಆದ್ರೆ ಸೇತುವೆ ಮೀನು ಹಿಡಿಯಲ್ಲ. ಸೇತುವೆ ಕೆಳಗೆ, ಬಂಡೆಗಳ ನಡುವೆ, ಬೆಳಗಿನ ಜಾವ ಬಲೆ ಎತ್ತೋ ಆ ಆರಡಿ ಬುಟ್ಟಿಗೆ ಬದಲಿ ಇನ್ನೂ ಬಂದಿಲ್ಲ. ಅದು ಹಳೆಯದು ಅಂತ ಗೌರವಿಸಬೇಕಾಗಿಲ್ಲ. ಅದು ಇವತ್ತು ಬೆಳಗ್ಗೆಯೂ ಕೆಲಸ ಮಾಡಿದೆ ಅಂತ ಗೌರವಿಸಿದ್ರೆ ಸಾಕು.

ಇನ್ನು ಮುಂದೆ ಹರಿಗೋಲಿನ ಚಿತ್ರ ಕಣ್ಣಿಗೆ ಬಿದ್ದಾಗ ಎರಡು ಪ್ರಶ್ನೆ ಕೇಳ್ಕೊಳ್ಳಿ. ಬಲೆ ಎಲ್ಲಿದೆ? ಹುಟ್ಟು ಹಿಡಿದವನ ಮುಖ ಯಾವ ಕಡೆಗಿದೆ? ಎರಡಕ್ಕೂ ಉತ್ತರ ಸಿಗೋ ಒಂದು ಫೋಟೋ ಸಿಕ್ರೆ ನನಗೂ ಕಳ್ಸಿ, ನಾನು ನಿಜವಾಗ್ಲೂ ಹುಡುಕ್ತಿದ್ದೀನಿ. ಹಾಗೇ ಮುಂದಿನ ವೀಕೆಂಡ್ ತಲಕಾಡಿಗೋ ಹಂಪಿಗೋ ಹೊಗೇನಕಲ್‌ಗೋ ಹೋದಾಗ, ಲೈಫ್ ಜಾಕೆಟ್ ಕೇಳಿ ಹಾಕ್ಕೊಂಡು ಹತ್ತಿ, ಅಂಬಿಗ ತಿರುಗಿಸೋಕೆ ಕೈ ಎತ್ತಿದಾಗ ಒಂದು ಮಾತು ಹೇಳಿ: “ಬೇಡ ಅಣ್ಣ, ನೇರ ಹೊಡೀರಿ. ದುಡ್ಡು ಅಷ್ಟೇ ಕೊಡ್ತೀವಿ.” ಆಮೇಲೆ ಅವರ ತೋಳು ನೋಡ್ತಾ ಕೂತ್ಕೊಳ್ಳಿ.